ಚಿಗವ್ವನ ಬಿಳಿ ಹರಳು

ನಿಡೋಣಿಯ ನನ್ನ ಚಿಗವ್ವ, ಎಂದರೆ ಅವ್ವನ ತಂಗಿ, ತನ್ನ ಉಂಗುರದ ಹರಳು ವಜ್ರವೆಂದು ತೋರಿಸಿ ತೋರಿಸಿ ಮನೆಯ ಕಿಟಕಿ ಗಾಜನ್ನೇ ಹಾಳು ಮಾಡಿದ್ದಳು. ಯಾರಾದರೂ ಅನುಮಾನದಿಂದ ನೋಡಿದರೆ ಸಾಕು, ಎದ್ದು ಹೋಗಿ ಗಾಜಿನ ಮೇಲೆ ಒಂದು ಗೀರು ಎಳೆಯುತ್ತಿದ್ದಳು. “ನೋಡ್ರಿ, ಗಾಜು ಕೊರಿತೈತಿ. ಇನ್ನೇನು ಬೇಕು?” ಆ ಉಂಗುರ ಅವಳ ಅತ್ತೆ ತನ್ನ ಕೈಯಿಂದ ಬಿಚ್ಚಿ ತೊಡಿಸಿದ್ದು.

ನಾನು ವಿಜಯಪುರದ ಸರಾಫ ಬಜಾರಿನಲ್ಲಿ ಹರಳು ಪರೀಕ್ಷಿಸುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಓದಿದ್ದೂ ಅದನ್ನೇ. ಚಿಗವ್ವನ ಮಗನಿಗೆ ತಿಕೋಟಾದ ಹುಡುಗಿ ಗೊತ್ತಾದಾಗ ಅವಳು ಉಂಗುರ ಹಿಡಿದು ನನ್ನಲ್ಲಿಗೆ ಬಂದಳು. ಹರಳು ಬಿಡಿಸಿ ಸೊಸೆಗೆ ಹೊಸ ಉಂಗುರ ಮಾಡಿಸಬೇಕು, ನಿಶ್ಚಯದ ದಿನ ತೊಡಿಸಬೇಕು. ವಜ್ರದುಂಗುರ ಬರುತ್ತದೆಂದು ಬೀಗರಿಗೆ ಆಗಲೇ ಹೇಳಿಯೂ ಆಗಿತ್ತು.

ಪಕ್ಕದ ಅಂಗಡಿಯಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರ ಹರಳಿನ ಹಿಂಬದಿ ಮುಚ್ಚಿದ್ದ ಚಿನ್ನದ ತಗಡನ್ನು ಎಬ್ಬಿಸಿದ. ಒಳಗೆ ಕನ್ನಡಿಯಂಥ ತೆಳು ಬೆಳ್ಳಿ ಹಾಳೆ ಕೂತಿತ್ತು. ಅದನ್ನು ತೆಗೆದ ಕೂಡಲೇ ಹರಳಿನ ಮಿನುಗು ಇಳಿದುಹೋಯಿತು. ನನಗೆ ಅಲ್ಲೇ ಗೊತ್ತಾಯಿತು. ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ಯಂತ್ರ ಉಳಿದದ್ದನ್ನು ಹೇಳಿತು. ಗಾಜಲ್ಲ, ಸ್ಫಟಿಕವೂ ಅಲ್ಲ, ವಜ್ರವಂತೂ ಅಲ್ಲ. ಬೆರಿಲ್ ಎಂಬ ಹರಳಿನ ಬಣ್ಣವಿಲ್ಲದ ಬಗೆ. ನಮ್ಮ ಕಸುಬಿನಲ್ಲಿ ಅದಕ್ಕೆ ಗೋಷೆನೈಟ್ ಎನ್ನುತ್ತೇವೆ.

“ಚಿಗವ್ವಾ, ಇದು ವಜ್ರ ಅಲ್ಲ.”

“ಗಾಜು ಕೊರಿತೈತಲ್ಲ ಬೇ!”

“ಗಾಜಿಗಿಂತ ಗಟ್ಟಿ ಇರೋ ಹರಳು ಭಾಳ ಅದಾವ. ಅವೆಲ್ಲಾ ಗಾಜು ಕೊರಿತಾವ.”

“ನಿನ್ನ ಮಷೀನ್ ಕೆಟ್ಟಿರಬೇಕು ತಗಿ.”

ನಾನು ವಾದಕ್ಕಿಳಿಯಲಿಲ್ಲ. ದಿನಪತ್ರಿಕೆಯ ಮೇಲೆ ಅವಳ ಹರಳನ್ನು ಬೋರಲಾಗಿಟ್ಟೆ. ಪಕ್ಕದಲ್ಲಿ ನನ್ನಲ್ಲಿದ್ದ ಒಂದು ವಜ್ರವನ್ನೂ ಹಾಗೆಯೇ ಇಟ್ಟೆ. “ನನ್ನ ಮಾತು ಬಿಡು. ನೀನ ನೋಡು.”

ಚಿಗವ್ವ ಚಾಳೀಸು ಏರಿಸಿ ಬಗ್ಗಿದಳು. ವಜ್ರದೊಳಗೆ ಬರೀ ಮಿಂಚು, ಕೆಳಗಿನ ಅಚ್ಚಿನ ಸುಳಿವೇ ಇಲ್ಲ. ಅವಳ ಹರಳಿನೊಳಗೆ ಕಪ್ಪು ಅಕ್ಷರಗಳು ಸೊಟ್ಟಗೆ ಮೂಡಿದ್ದವು.

“ಅಕ್ಷರ ಕಾಣಾಕತ್ತಾವ,” ಎಂದಳು. ಎರಡನ್ನೂ ಅದಲುಬದಲು ಮಾಡಿಟ್ಟು ಮತ್ತೊಮ್ಮೆ ಬಗ್ಗಿ ನೋಡಿದಳು. ಕೊನೆಗೆ ಕೇಳಿದಳು: “ನಮ್ಮತ್ತಿ ನನಗ ಸುಳ್ಳು ಹೇಳಿದ್ಳೇನು?”

“ಆಕಿಗೂ ಗೊತ್ತಿರಾಕಿಲ್ಲ. ಹಿಂದ ಹಾಳಿ ಇಟ್ಟು ವಜ್ರ ಅಂತ ಮಾರೋದು ಭಾಳ ಹಳೀ ಕಸಬು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಹರಳನ್ನೇ ಎತ್ತಿಕೊಂಡು, ಇದು ಹಾಗಾದರೆ ಏನು ಎಂದು ಕೇಳಿದಳು. ನಾನು ಖುಷಿಯಿಂದ ಹೇಳಿದೆ, ಯಾಕೆಂದರೆ ಈ ಹರಳು ನನಗೆ ಇಷ್ಟ. ಪಚ್ಚೆಯೂ ಬೆರಿಲ್ಲೇ, ಕ್ರೋಮಿಯಂ ಚೂರು ಬೆರೆತರೆ ಸಾಮಾನ್ಯವಾಗಿ ಹಸಿರು, ಕಬ್ಬಿಣ ಬೆರೆತರೆ ತಿಳಿ ನೀಲಿ. ಇದರಲ್ಲಿ ಬಣ್ಣ ಕೊಡುವಂಥದ್ದು ಯಾವುದೂ ಸೇರಿಲ್ಲ. ಗೋಷೆನೈಟ್ ಎಂಬ ಹೆಸರು ಅಮೆರಿಕದ ಗೋಷೆನ್ ಎಂಬ ಊರಿನಿಂದ ಬಂದದ್ದು, ಈಚಿನದು. ಬೆರಿಲ್ ಎಂಬ ಹೆಸರಿನ ಬೇರು ಮಾತ್ರ ನಮ್ಮ ಕಡೆಯದು, ವೈಡೂರ್ಯದ ನಂಟಿನದು ಎನ್ನುತ್ತಾರೆ, ನಾವೀಗ ವೈಡೂರ್ಯವೆನ್ನುವುದು ಬೇರೆ ಹರಳಾದರೂ. ಹಿಂದೆ ಯುರೋಪಿನಲ್ಲಿ ಇಂಥ ತಿಳಿ ಹರಳನ್ನು ಉಜ್ಜಿ ಓದುವ ಮಸೂರ ಮಾಡುತ್ತಿದ್ದರಂತೆ. ಜರ್ಮನ್ನರು ಚಾಳೀಸಿಗೆ ಇಂದಿಗೂ ಬಳಸುವ ಪದ ಬೆರಿಲ್‌ನಿಂದಲೇ ಹುಟ್ಟಿದ್ದು.

“ಪಚ್ಚೆ ಹರಳಿನ ತಂಗಿ ಅನ್ನು,” ಎಂದಳು ಚಿಗವ್ವ.

“ಬೀಗರಿಗೆ ಏನಂತಿ? ಸಣ್ಣದೊಂದು ವಜ್ರ ಕೂಡ್ರಿಸೋಣೇನು?” ಎಂದೆ.

“ಯಾಕ? ನಮ್ಮತ್ತಿ ಕೊಟ್ಟಿದ್ದನ್ನ ಕೊಡಾಕಿ ನಾ. ಇದ್ದದ್ದು ಇದ್ದಂಗ ಹೇಳ್ತೇನಿ.”

ಬೆಂಕಿ ತಾಗಿದರೆ ಹರಳು ಸೀಳೀತೆಂದು ಪತ್ತಾರನಿಗೆ ಎಚ್ಚರಿಸಿ, ಈ ಸಲ ಹಿಂಬದಿ ತೆರೆದೇ ಇರುವಂತೆ ಕೂರಿಸಲು ಹೇಳಿದೆ.

ತಿಕೋಟಾದಲ್ಲಿ ನಿಶ್ಚಯದ ದಿನ ಉಂಗುರ ತೊಡಿಸುವ ಮೊದಲು ಚಿಗವ್ವ ಎಲ್ಲರ ಎದುರು ನಿಂತಳು. “ವಜ್ರ ಅಂತ ಹೇಳಿದ್ದೆ, ವಜ್ರ ಅಲ್ಲಂತ್ರಿ. ಇದು ಬೆರಿಲ್ಲು. ನಮ್ಮತ್ತಿ ಕೈಯಾಗಿಂದು. ಒಪ್ಪಿಗಿದ್ರ ತೊಡಸ್ತೇನಿ.”

ಹುಡುಗಿಯ ತಾಯಿಯ ಮುಖ ಬಿಗಿದುಕೊಂಡಿತು. ಅವರು ನೆಂಟರಿಗೆಲ್ಲ ವಜ್ರದ ಸುದ್ದಿ ಹಂಚಿಬಿಟ್ಟಿದ್ದರು. ಹುಡುಗಿ ಮಾತ್ರ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದಳು. “ಎಷ್ಟ್ ತಿಳಿ ಐತ್ರಿ ಅತ್ತಿ, ನೀರಿನಂಗ. ತೊಡಸ್ರಿ,” ಎಂದು ಬೆರಳು ಮುಂದೆ ಮಾಡಿದಳು. ಹಿರಿಯರು ಅಕ್ಷತೆ ಹಾಕಿದರು. ಊಟಕ್ಕೆ ಕೂತಾಗ ಚಿಗವ್ವ ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡಳು.

ಕೆಲವು ದಿನಗಳ ನಂತರ ಆ ಹುಡುಗಿಯ ತಾಯಿಯೇ ನನ್ನ ಅಂಗಡಿಗೆ ಬಂದರು. ಕಿವಿಯಿಂದ ಏಳು ಹರಳಿನ ಬೆಂಡೋಲೆ ಬಿಚ್ಚಿ ಮುಂದಿಟ್ಟು, “ಇವನ್ನೂ ಒಂದೀಟು ನೋಡ್ರೆವ್ವಾ,” ಎಂದರು. ನೋಡಿದೆ. ಎಲ್ಲವೂ ವಜ್ರ, ಒಂದರ ಹೊರತು. ಅದು ಯಾವಾಗಲೋ ಉದುರಿದಾಗ ಯಾರೋ ಕೂರಿಸಿದ ಗಾಜು. ಹಾಗೆಯೇ ಹೇಳಿದೆ.

ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. “ಇರಲಿ ಬಿಡ್ರಿ. ಯಾವುದಂತ ಮಾತ್ರ ತೋರಸಬ್ಯಾಡ್ರಿ,” ಎಂದು ಬೆಂಡೋಲೆಗಳನ್ನು ಮತ್ತೆ ಕಿವಿಗೆ ಏರಿಸಿಕೊಂಡರು.