ಇದ್ದಿಲು ಬಸ್ಸಿನಲ್ಲಿ ಮಿಂಗೆಲನ ಪ್ಲೇಟು

ಮುಂಡಗೋಡದಿಂದ ಹಳಿಯಾಳಕ್ಕೆ ಬಸ್ಸು ಬೆಳಗಿನ ಏಳಕ್ಕೆ ಎಂದಿದ್ದರು, ಹೊರಟದ್ದು ಒಂಬತ್ತೂವರೆಗೆ. ಯುದ್ಧಕಾಲ, ಪೆಟ್ರೋಲು ಸಿಗುವುದಿಲ್ಲ. ಬಸ್ಸಿನ ಬೆನ್ನಿಗೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ನು ಓಡಿಸುತ್ತಾರೆ. ಏರು ಬಂದಲ್ಲಿ ನಾಲ್ಕು ಸಲ ಇಳಿದು ನಡೆದೆ, ಎರಡು ಸಲ ನೂಕಿದೆ. ಶಾಲೆಯಲ್ಲಿ ಪಾಠ ಹೇಳಿಕೊಂಡಿರುವ ನನ್ನ ಮೈಗೆ ಅಷ್ಟರಲ್ಲೇ ಸಾಕುಸಾಕಾಯಿತು.

ಕೈಚೀಲದಲ್ಲಿ ಧೋತರ ಸುತ್ತಿದ ಒಂದು ಗ್ರಾಮಫೋನ್ ಪ್ಲೇಟು ಇತ್ತು. ಅದು ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಸಿಗ್ನಲ್ ನೋಡುವ ಇನಾಸನಿಗೆ. ನಮ್ಮಿಬ್ಬರಿಗೂ ಜಾಜ್ ಸಂಗೀತದ ಹುಚ್ಚು. ಐದು ವರ್ಷದ ಹಿಂದೆ ಗೋವೆಗೆ ಹೋಗುವಾಗ ಅಲ್ಲಿ ಗಾಡಿ ನಿಂತುಬಿಟ್ಟಿತ್ತು. ಅವನ ಕ್ವಾರ್ಟರ್ಸಿನಿಂದ ಬರುತ್ತಿದ್ದ ಕಹಳೆಯ ದನಿಯ ಬೆನ್ನು ಹತ್ತಿ ಹೋಗಿ ಬಾಗಿಲು ಬಡಿದೆ. ಅಂದಿನಿಂದ ಪ್ಲೇಟುಗಳ ಅದಲುಬದಲು, ಪತ್ರದಲ್ಲಿ ಜಗಳ. ನನಗೆ ಕಹಳೆಯವರೇ ದೊಡ್ಡವರು. ಅವನಿಗೆ ಕ್ಲಾರಿಯೊನೆಟ್ ಬಿಟ್ಟರೆ ಉಳಿದದ್ದೆಲ್ಲ ಗದ್ದಲ. ಅವನ ತಮ್ಮ ಮಿಂಗೆಲ್ ಮುಂಬೈಯ ಹೋಟೆಲೊಂದರ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದ. ಒಂದೇ ಒಂದು ಪ್ಲೇಟಿನಲ್ಲಿ ಅವನ ವಾದನವಿತ್ತು. ಅಣ್ಣ ಅದನ್ನು ಕೇಳುವ ಮೊದಲೇ ತಮ್ಮ ಜ್ವರದಲ್ಲಿ ತೀರಿಕೊಂಡ.

ಆ ಪ್ಲೇಟು ನನಗೆ ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕು ಮೂರು ತಿಂಗಳಾಗಿತ್ತು. ಕೂಡಲೇ ಒಯ್ದು ಕೊಡಬೇಕಿತ್ತು. ಕೊಡಲಿಲ್ಲ, ದಿನಾ ಸಂಜೆ ಹಚ್ಚಿಕೊಂಡು ನಾನೇ ಕೇಳುತ್ತ ಕುಳಿತೆ. ನಾಚಿಕೆಯ ಮಾತು, ಆದರೂ ಹೇಳಿಬಿಡುತ್ತೇನೆ.

ಬಸ್ಸು ತುಂಬಿ ತುಳುಕುತ್ತಿತ್ತು, ಜಿಟಿಜಿಟಿ ಮಳೆ ಬೇರೆ. ಕಂಡಕ್ಟರ್ ಚೀಲ ಇಸಿದುಕೊಂಡಾಗ, "ಜ್ವಾಕಿಪಾ, ಒಳಗ ಪ್ಲೇಟ್ ಐತಿ" ಎಂದೆ. ಹಳಿಯಾಳದಲ್ಲಿ ಇಳಿದು ನೋಡಿದರೆ, ಚೀಲ ಹಿಂದಿನ ಸೀಟಿನಡಿ, ಒಲೆಯ ತಗಡಿಗೆ ಒತ್ತಿಕೊಂಡು ಕೂತಿತ್ತು.

"ಮಳ್ಯಾಗ ತೋಯಬಾರದಂತ ಇಲ್ಲಿ ಇಟ್ಟೆ ರೀ" ಎಂದ ಅವನು. "ನೀವು ಪ್ಲೇಟ್ ಅಂದ್ರಿ, ನಾ ಉಣ್ಣೂ ತಾಟು ಅನ್ಕೊಂಡೆ. ತಾಟು ಬೆಚ್ಚಗಾದ್ರ ಏನಾಗ್ತೈತ್ರಿ?"

ಅವನನ್ನು ಬೈದು ಏನು ಮಾಡುವುದು? ಹಾಡುವುದಕ್ಕೂ ಉಣ್ಣುವುದಕ್ಕೂ ಒಂದೇ ಹೆಸರಿಟ್ಟುಕೊಂಡವರು ನಾವು. ಅರಗಿನ ಪ್ಲೇಟು, ಅಂಚೆಲ್ಲ ಸುಟ್ಟ ಹಪ್ಪಳದಂತೆ ಎದ್ದಿತ್ತು. ಖಾನಾವಳಿಯಲ್ಲಿ ರೊಟ್ಟಿ ಝುಣಕ ಬಡಿಸಿದರು, ಅರ್ಧ ರೊಟ್ಟಿಯೂ ಇಳಿಯಲಿಲ್ಲ. ತಿರುಗಿ ಹೋಗಿಬಿಡೋಣವೆನ್ನಿಸಿತು. ಆದರೆ ಬರುತ್ತೇನೆಂದು ಪತ್ರ ಹಾಕಿಯಾಗಿತ್ತು.

ಮರುದಿನ ಅಳ್ನಾವರದಲ್ಲಿ ರೈಲು ಹತ್ತಿದೆ. ಲೋಂಡಾದಲ್ಲಿ ಎರಡು ತಾಸು ಕಾದೆ. ಕ್ಯಾಸಲ್‌ರಾಕ್ ಮುಟ್ಟುವಾಗ ನಾಲ್ಕು ಗಂಟೆ, ಸೊಂಟ ಹಿಡಿದುಹೋಗಿತ್ತು. ಇನಾಸ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ತೊಟ್ಟು, ಗ್ರಾಮಫೋನಿಗೆ ಹೊಸ ಸೂಜಿ ಹಾಕಿಟ್ಟುಕೊಂಡು ಕೂತಿದ್ದ. ಅದನ್ನು ಕಂಡು ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಎಲ್ಲ ಹೇಳಿದೆ, ಮೂರು ತಿಂಗಳು ಇಟ್ಟುಕೊಂಡದ್ದನ್ನೂ ಹೇಳಿದೆ.

ಅವನು ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. "ಒಳಗಿನ ಎರಡು ಬಟ್ಟು ಸಪಾಟ ಐತಿ" ಎಂದು ಅಲ್ಲಿಗೇ ಸೂಜಿ ಇಟ್ಟ. ಬ್ಯಾಂಡಿನವರೆಲ್ಲ ಕೂಡಿ ನುಡಿಸುವ ಕೊನೆಯ ಭಾಗ, ನಿಮಿಷದಲ್ಲಿ ಮುಗಿಯಿತು.

"ಇದರಾಗ ಅವ ಎಲ್ಲಿ ಅದಾನ್ರಿ, ಮಾಸ್ತರ?"

"ಎಲ್ಲಾರ ಕೂಡ ಅದಾನ, ಇನಾಸಬಾಬ. ಅವ ಒಬ್ಬನ ನುಡಿಸೂದು ಮೊದಲಿನ ಅರ್ಧದಾಗ, ಈ ಎದ್ದ ಅಂಚಿನ ಕಡೆ ಇತ್ತು."

ಅವನು ಸೂಜಿ ಎತ್ತಿಟ್ಟ. ಆಮೇಲೆ, "ನಿಮಗ ಬಾಯಿಪಾಠ ಆಗಿರಬೇಕಲ್ಲ?" ಎಂದ.

ನನ್ನ ಗಂಟಲು ಶಾಲೆಯ ಪ್ರಾರ್ಥನೆಗೂ ಲಾಯಕ್ಕಿಲ್ಲ. ಆದರೂ ಕಣ್ಣು ಮುಚ್ಚಿ ಗುನುಗಿದೆ. ಇಗರ್ಜಿಯ ಶಾಲೆಯಲ್ಲಿ ಪಾದ್ರಿಯಿಂದ ಸ್ವರ ಬರೆಯಲು ಕಲಿತಿದ್ದ ಇನಾಸ ಹಳೆಯ ಫಾರ್ಮೊಂದರ ಬೆನ್ನಿಗೆ ಗೆರೆ ಎಳೆದು ಬರೆದುಕೊಳ್ಳತೊಡಗಿದ. ಮೂರನೆಯ ಸಾಲಿಗೆ ಅವನ ಪೆನ್ಸಿಲ್ ನಿಂತಿತು.

"ನಡುವ ಅದೇನ್ರಿ, ಸ್ಸ್ ಅಂದದ್ದು?"

"ಅದು ಪ್ಲೇಟಿನ ಗೀರು. ಕೇಳಿ ಕೇಳಿ ರೂಢಿ ಆಗೇತಿ, ಅದೂ ಬಂತು."

"ಗೀರಾದ್ರ ಪ್ಲೇಟಿನ ಸುತ್ತಿಗೊಮ್ಮೆ ಬರಬೇಕಲ್ರಿ?"

ಯೋಚಿಸಿದೆ. ಇಡೀ ವಾದನದಲ್ಲಿ ಅದು ಎರಡೇ ಕಡೆ ಬರುತ್ತಿತ್ತು, ಎರಡೂ ಉದ್ದನೆಯ ಸ್ವರದ ಮುಂಚೆ. ಮೂರು ತಿಂಗಳು ಕೇಳಿದ ನನಗೆ ಇದು ಹೊಳೆದಿರಲಿಲ್ಲ.

"ಅದು ಮಿಂಗೆಲ್" ಎಂದ ಇನಾಸ. "ಹಲ್ಲಿನ ಸಂದ್ಯಾಗ ಉಸಿರು ಎಳೀತಿದ್ದ. ಪಾದ್ರಿ ಎಷ್ಟು ಬೈದ್ರೂ ಬಿಡಲಿಲ್ಲ. ಇನ್ನೊಮ್ಮೆ ಹಾಡ್ರಿ."

ಹಾಡಿದೆ. ಎಷ್ಟು ಸಲ ಹಾಡಿದೆನೋ ಲೆಕ್ಕವಿಲ್ಲ. ಅವನು ಅತ್ತ, ನಾನೂ ಅತ್ತೆ. ಅವನ ಹೆಂಡತಿ ತಂದಿಟ್ಟ ಚಹಾ ಆರಿಹೋಯಿತು.

ಪ್ಲೇಟು ಅವನಲ್ಲೇ ಬಿಟ್ಟು ಮರುದಿನ ಬೆಳಿಗ್ಗೆ ಗಾಡಿ ಹತ್ತಿದೆ. ಮೈಕೈ ನೋವು ಹಾಗೆಯೇ ಇತ್ತು, ಮುಂದೆ ಮತ್ತೆ ಅದೇ ಬಸ್ಸು. ಸ್ಟೇಷನ್ ದಾಟುವಾಗ ಇನಾಸ ಸಿಗ್ನಲ್ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಹಸಿರು ಬಾವುಟ ಹಿಡಿದು ನಿಂತಿದ್ದ. ಅವನ ತುಟಿ ಆಡುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಆದರೆ ಒಂದು ಕಡೆ ಅವನು ತಡೆದು, ಹಲ್ಲು ಕಚ್ಚಿ ಉಸಿರೆಳೆದದ್ದು ಕಿಟಕಿಯಿಂದ ಕಂಡಿತು.