ಅಣ್ಣ ಎಂದು ಬರೆದ ತಮ್ಮ

ನಮ್ಮ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹೊರಭಾಷೆಯ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ಮಾತು ಬರೆಯುವುದು ಅವರ ಕಸುಬು. ಅವರು ಬರೆದದ್ದನ್ನು ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಪರದೆಯ ಮೇಲಿನವರ ಬಾಯಿಗೆ ಸರಿಯಾಗಿ ಹೇಳುವುದು ನನ್ನಂಥವರ ಕಸುಬು. ನಾವು ಒಂದು ಅಕ್ಷರ ನುಂಗಿದರೂ ಅವರು ಹೊರಗಿನಿಂದ ಗಾಜು ತಟ್ಟುತ್ತಿದ್ದರು. ಹಾಗೆ ತಟ್ಟಿ ತಟ್ಟಿಯೇ ಮೇಷ್ಟ್ರಾದರು. ನನಗೆ ಅವರಿಟ್ಟ ಹೆಸರು ಗುಡುಗು. ನಾನು ಪಿಸುಗುಟ್ಟಿದರೂ ಪಕ್ಕದ ಕೋಣೆಗೆ ಕೇಳಿಸುತ್ತದೆಂದು ದೂರು. ನನ್ನ ಸಿಟ್ಟಿಗೂ ಆ ಹೆಸರು ಚೆನ್ನಾಗಿಯೇ ಹೊಂದುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಅವರ ಕೆಲಸದ ದೊಡ್ಡ ತಲೆನೋವು ತುಟಿ. ಪರದೆಯ ಮೇಲೆ ಪಾತ್ರ ತುಟಿ ಕೂಡಿಸಿದ ಜಾಗದಲ್ಲಿ ನಮ್ಮ ಮಾತಿನಲ್ಲೂ ಪ, ಬ, ಮ ಇಂಥದ್ದೇನಾದರೂ ಬರಬೇಕು. ಇಲ್ಲದಿದ್ದರೆ ಮಾತು ಒಂದು ಕಡೆ, ಬಾಯಿ ಒಂದು ಕಡೆ. ಮೇಷ್ಟ್ರು ದನಿ ನಿಲ್ಲಿಸಿ ಬರೀ ಚಿತ್ರ ಓಡಿಸುತ್ತ, ಪಾತ್ರದ ಜೊತೆಗೇ ಬಾಯಿ ಆಡಿಸುತ್ತ ಕೂರುತ್ತಿದ್ದರು. ಹೊಸಬರು ನೋಡಿದರೆ ಇವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಕು. ಪಾತ್ರ ಬೆನ್ನು ತಿರುಗಿಸಿತೆಂದರೆ ಮಾತ್ರ ಅವರಿಗೆ ಹಬ್ಬ. "ಬೆನ್ನಿಗೆ ತುಟಿ ಇಲ್ಲ ಕಣಮ್ಮ. ಅಲ್ಲಿ ಏನು ಬೇಕಾದ್ರೂ ಹೇಳಿಸ್ಬಹುದು" ಎನ್ನುತ್ತಿದ್ದರು.

ಆಕಾಶದ ಹಡಗೊಂದರ ಕಥೆ ನಮ್ಮ ಸ್ಟುಡಿಯೋಗೆ ಬಂದಾಗ ನಾನು ಮೂಗು ಮುರಿದಿದ್ದೆ. ಆಕಾಶದಲ್ಲಿ ಒಂದು ಡಬ್ಬಿ ಹೋಗುತ್ತಿರುತ್ತದೆ, ಒಳಗಿನವರು ಗುಂಡಿ ಒತ್ತುತ್ತಿರುತ್ತಾರೆ, ಇದನ್ನು ವಾರವಾರ ಯಾರು ನೋಡುತ್ತಾರೆ? ಹಾಗೆಂದು ಮೇಷ್ಟ್ರನ್ನೇ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಸಿನಿಮಾದವರು ನೆಂಟರಿದ್ದ ಹಾಗೆ. ಚೆನ್ನಾಗಿ ಬಟ್ಟೆ ಹಾಕ್ಕೊಂಡು ಬರ್ತಾರೆ, ನಕ್ಕು ಮಾತಾಡ್ತಾರೆ, ಹೋಗ್ತಾರೆ. ಇಂಥ ಕಥೆಯವರು ಪಕ್ಕದ ಮನೆಯವರು. ಅವರ ಕಷ್ಟ ಒಂದು ದಿನಕ್ಕೆ ಗೊತ್ತಾಗಲ್ಲ. ಸ್ವಲ್ಪ ತಾಳ್ಮೆ ಇಟ್ಕೋ, ಗುಡುಗು" ಎಂದರು.

ತಾಳ್ಮೆ ನನಗೆ ಹೇಳಿ ಮಾಡಿಸಿದ ಗುಣವಲ್ಲ. ಆದರೂ ಹಡಗಿಗೆ ದಾರಿ ಹೇಳುವ ನಾಯಕಿಯ ದನಿ ನನ್ನದಾದ್ದರಿಂದ ಇರಬೇಕಾಯಿತು. ಕಥೆ ಇಷ್ಟು: ಹೆಚ್ಚುಕಡಿಮೆ ಬೆಳಕಿನಷ್ಟೇ ವೇಗದಲ್ಲಿ ಹೋಗುವ ಹಡಗಿನಲ್ಲಿ ಕಾಲ ನಿಧಾನ. ಒಳಗಿದ್ದವರಿಗೆ ಐದು ವರ್ಷ ಕಳೆದರೆ ಊರಲ್ಲಿದ್ದವರಿಗೆ ಎಪ್ಪತ್ತು ಕಳೆದಿರುತ್ತದೆ. ಅದನ್ನು ತಿಳಿದೇ ಅವಳು ಹಡಗು ಹತ್ತಿದ್ದಾಳೆ. ಮನೆಯಲ್ಲಿ ಅವಳ ಒಡಹುಟ್ಟಿದವನೊಬ್ಬನಿದ್ದಾನೆ. ಅವನ ದನಿಯ ಸಂದೇಶಗಳು ಆಗೊಮ್ಮೆ ಈಗೊಮ್ಮೆ ಹಡಗಿಗೆ ಬಂದು ಮುಟ್ಟುತ್ತವೆ, ಇವಳೂ ಉತ್ತರ ಕಳಿಸುತ್ತಾಳೆ. ಪ್ರತಿ ಸಲವೂ ಆ ದನಿಗೆ ವಯಸ್ಸಾಗಿರುತ್ತದೆ. ಇವಳು ಮಾತ್ರ ಹಾಗೆಯೇ ಇರುತ್ತಾಳೆ.

ಧಾರಾವಾಹಿಯ ಮೊದಲ ವರ್ಷದಲ್ಲಿ ಹಡಗಿನವನೊಬ್ಬ ಸಣ್ಣದೊಂದು ಸುಳ್ಳು ಹೇಳಿದ. ನಾವೆಲ್ಲ ಮರೆತುಬಿಟ್ಟೆವು. ನಾಲ್ಕನೇ ವರ್ಷದಲ್ಲಿ ಅದೇ ಸುಳ್ಳು ಅರ್ಧ ಹಡಗಿನವರ ಪ್ರಾಣಕ್ಕೆ ಬಂತು. ಅಡುಗೆಯವನ ಪಾತ್ರವೊಂದಿತ್ತು, ಕಂತಿಗೆ ನಾಲ್ಕು ಮಾತು, ಅದೂ ನನ್ನ ಪಾತ್ರದ ಜೊತೆ ಜಗಳ. ಅವನು ಸತ್ತ ಕಂತಿನಲ್ಲಿ ನಾನು ಹೆಡ್‌ಫೋನ್ ತೆಗೆದಿಟ್ಟು ಕೂತೆ, ಕೆಲಸ ನಿಂತಿತು. ಸುಳ್ಳು ಸಾವಿಗೆ ನಿಜವಾಗಿ ಅತ್ತದ್ದು ಆಗಲೇ. ಅಷ್ಟು ವರ್ಷ ಒಬ್ಬನ ಹತ್ತಿರ ಬೈಸಿಕೊಂಡ ಮೇಲೆ ಅವನು ನಮ್ಮವನೇ ಅಲ್ಲವೇ? ಮೇಷ್ಟ್ರು ಒಳಗೆ ಬಂದು ನೀರಿನ ಲೋಟ ಕೊಟ್ಟು, "ಈಗ ಪಕ್ಕದ ಮನೆಯವರಾದ್ರು" ಎಂದಷ್ಟೇ ಹೇಳಿ ಹೋದರು.

ಇನ್ನು ಅಣ್ಣ ಎಂಬ ಪದದ ವಿಚಾರ. ಮೂಲದ ಭಾಷೆಯಲ್ಲಿ ಒಡಹುಟ್ಟಿದ ಗಂಡಿಗೆ ಒಂದೇ ಪದ. ದೊಡ್ಡವನೋ ಚಿಕ್ಕವನೋ ಅದು ಹೇಳುವುದಿಲ್ಲ. ನಮ್ಮಲ್ಲಿ ಹಾಗೆ ನಡೆಯುತ್ತದೆಯೇ? ಅಣ್ಣ ಅನ್ನಬೇಕು, ಇಲ್ಲವೇ ತಮ್ಮ ಅನ್ನಬೇಕು. ಅವನ ಮುಖ ತೋರಿಸಿಲ್ಲ, ಬರೀ ದನಿ, ಅದೂ ಗಡಸು ದನಿ. ಮೇಷ್ಟ್ರು ಅಣ್ಣ ಎಂದು ಬರೆದರು. ನಾನೂ ಅಣ್ಣ ಎಂದೇ ಕರೆದೆ.

ಈ ಕಥೆಯನ್ನು ಒಂದು ವಾರವೂ ಬಿಡದೆ ಕೇಳುತ್ತಿದ್ದವರು ಮೇಷ್ಟ್ರ ಅಕ್ಕ. ಕೇಳುತ್ತಿದ್ದವರು ಅಂತಲೇ ಹೇಳಬೇಕು, ಯಾಕೆಂದರೆ ಅವರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದೂ ಅವರೇ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ, ಎರಡು ಕೋಣೆಯ ಮನೆಯಲ್ಲಿ ಒಬ್ಬರಿಗೊಬ್ಬರು ಎದುರು ಮಾತಾಡಿಕೊಂಡೇ ಮುದುಕರಾಗಿದ್ದರು. ಧಾರಾವಾಹಿಯ ಹೊತ್ತಿಗೆ ಅಕ್ಕ ಕುರ್ಚಿಯನ್ನು ಟಿವಿಗೆ ಅಂಟಿಸಿಕೊಂಡು, ಕಿವಿಯನ್ನು ಆ ಕಡೆ ತಿರುಗಿಸಿ ಕೂರುತ್ತಿದ್ದರು. ಆಗ ಯಾರೂ ಲೋಟ ಸದ್ದು ಮಾಡುವ ಹಾಗಿರಲಿಲ್ಲ.

ಮೊದಲ ವರ್ಷವೇ, ನಾನು ಅವರ ಮನೆಯಲ್ಲಿದ್ದ ಒಂದು ದಿನ, ಕಂತು ಮುಗಿಯುತ್ತಲೂ ಅಕ್ಕ ತೀರ್ಪು ಕೊಟ್ಟರು. "ಅವನು ಅಣ್ಣ ಅಲ್ಲ ಕಣೋ. ತಮ್ಮ."

"ದನಿ ಕೇಳಿಸ್ಲಿಲ್ವಾ ಅಕ್ಕಾ? ಅವಳಿಗಿಂತ ದೊಡ್ಡವನ ದನಿ ಅದು" ಎಂದರು ಮೇಷ್ಟ್ರು.

"ದನಿ ಬಿಡು. ಅವಳು ಅವನ್ನ ಏನು ಕೇಳಿದ್ಲು? ಬಾಗಿಲು ಹಾಕ್ಕೊಂಡ್ಯಾ ಅಂತ. ಯಾವ ತಂಗಿ ಅಣ್ಣನ್ನ ಹಾಗೆ ಕೇಳ್ತಾಳೆ?"

"ಬಾಗಿಲು ನಾನು ಹಾಕಿದ್ದು. ಮೂಲದಲ್ಲಿ ಹುಷಾರಾಗಿದ್ದೀಯಾ ಅಂತ ಅಷ್ಟೇ ಇದೆ."

"ಹಾಗಾದ್ರೆ ನಿನ್ನ ಕೈಗೆ ಗೊತ್ತಾಗಿದೆ. ತಲೆಗೆ ಇನ್ನೂ ಗೊತ್ತಾಗಿಲ್ಲ."

ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ, ಕಿವಿ ನೆಟ್ಟಗಾಯಿತು. ಯಾಕೆಂದರೆ ಆ ಮನೆಯೊಳಗೆ ಕಾಲಿಟ್ಟಾಗಲೆಲ್ಲ ನಾನು ಕೇಳಿದ ಮೊದಲ ಮಾತೇ ಅದು. ಮೇಷ್ಟ್ರು ಹೊರಗಿನಿಂದ ಬರುತ್ತಿದ್ದ ಹಾಗೆ ಅಕ್ಕ ಕುರ್ಚಿಯಿಂದಲೇ, "ಬಾಗಿಲು ಹಾಕ್ಕೊಂಡ್ಯಾ?" ಎನ್ನುವರು. ತಲೆ ನರೆತ ಮೇಷ್ಟ್ರು ಶಾಲೆಯ ಹುಡುಗನ ಹಾಗೆ, "ಹಾಕ್ಕೊಂಡೆ ಕಣಕ್ಕಾ" ಎನ್ನುವರು. ಅಕ್ಕನ ಬಾಯಿಯ ಮಾತನ್ನೇ ತೆಗೆದು ಹಡಗಿನವಳ ಬಾಯಿಗೆ ಇಟ್ಟಿದ್ದಾರೆ, ಇಟ್ಟಿದ್ದು ಅವರಿಗೇ ತಿಳಿದಿಲ್ಲ. ಆಮೇಲೆ ಪ್ರತಿ ವರ್ಷವೂ ಅಣ್ಣನೋ ತಮ್ಮನೋ ಎಂದು ಆ ಮನೆಯಲ್ಲಿ ವಾದ ನಡೆಯುತ್ತಲೇ ಇತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ.

ಕೊನೆಯ ಕಂತು ಸ್ಟುಡಿಯೋಗೆ ಬಂದ ದಿನ ಮೇಷ್ಟ್ರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದರು. ಹಡಗು ಮನೆಗೆ ಮರಳುತ್ತದೆ. ಅವಳು ಇಳಿಯುವ ಮುಂಚೆ ಹಳೆಯದೊಂದು ನೆನಪು ತೋರಿಸುತ್ತಾರೆ. ಅವಳು ಹೊರಟ ದಿನ. ಬಾಗಿಲಲ್ಲಿ ನಿಂತವನು ಪುಟ್ಟ ಹುಡುಗ. ಅವಳ ಸೊಂಟದೆತ್ತರ. ಮೊದಲ ಸಂದೇಶ ಕಳಿಸುವ ಹೊತ್ತಿಗೇ ಅವನು ದೊಡ್ಡವನಾಗಿ ದನಿ ಒಡೆದಿತ್ತು. ನಾವು ಕೇಳಿದ್ದು ಆ ದನಿ.

ಮೇಷ್ಟ್ರು ಚಿತ್ರ ನಿಲ್ಲಿಸಿದರು. "ಅಕ್ಕ ಗೆದ್ಲು" ಎಂದು ನಕ್ಕರು. ನಕ್ಕವರು ಹಾಗೇ ಕೈಯಲ್ಲಿ ತಲೆ ಹಿಡಿದು ಕೂತರು. ಮುಂದಿನ ದೃಶ್ಯದಲ್ಲಿ ಆ ಹುಡುಗ ಹಣ್ಣುಹಣ್ಣು ಮುದುಕ, ಹಾಸಿಗೆಯಲ್ಲಿದ್ದಾನೆ. ಹಡಗಿನಿಂದ ಇಳಿದ ಅಕ್ಕ ಅವನಿಗಿಂತ ಎಷ್ಟೋ ಚಿಕ್ಕವಳಾಗಿ ಕಾಣುತ್ತಾಳೆ. ನಮಗೆ ಬೆನ್ನು ಮಾಡಿ ಅವನ ಪಕ್ಕ ತುಂಬ ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಮುಖ ಈ ಕಡೆ ತಿರುಗಿಸಿ, ಮೂಲದ ಆ ಒಂದೇ ಪದದಿಂದ ಅವನನ್ನು ಕರೆಯುತ್ತಾಳೆ. ಅಲ್ಲಿ ತುಟಿ ಕೂಡುತ್ತದೆ.

"ಅಕ್ಕನಿಗೆ ಇವತ್ತೇ ಹೇಳಿಬಿಡಿ" ಎಂದೆ.

"ಇಷ್ಟು ವರ್ಷ ಕಾದವಳಿಗೆ ಕೊನೇ ಗಳಿಗೇಲಿ ನಾನು ಹೇಳಿ ಕೆಡಿಸೋದಾ? ಅವಳೇ ಕೇಳ್ಲಿ."

"ಏನು ಕೇಳ್ತಾರೆ? ಹುಡುಗನ ದೃಶ್ಯದಲ್ಲಿ ಮಾತೇ ಇಲ್ವಲ್ಲ."

ಅದೇ ಕಷ್ಟ. ಕಣ್ಣಿದ್ದವರು ಹುಡುಗನನ್ನು ನೋಡಿ ತಿಳಿಯುತ್ತಾರೆ. ಕಣ್ಣಿಲ್ಲದ ಅಕ್ಕನಿಗೆ ನಾವು ಕೊಟ್ಟ ಪದವೇ ಗತಿ. ಅಣ್ಣ ಎಂದರೆ ಅವರ ಪಾಲಿಗೆ ಅವನು ಕೊನೆಯವರೆಗೂ ಅಣ್ಣನೇ. ಇದ್ದಕ್ಕಿದ್ದಂತೆ ತಮ್ಮ ಎಂದರೆ ಉಳಿದವರು ನಗುತ್ತಾರೆ.

ಮೇಷ್ಟ್ರು ಬೆನ್ನಿನ ಜಾಗಕ್ಕೆ ಒಂದು ಮಾತು ಕಟ್ಟಿದರು. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ನನಗೆ ಹೇಳಿಕೊಟ್ಟರು. ಸ್ಟುಡಿಯೋ ಯಜಮಾನ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಬೇಡ ಮೇಷ್ಟ್ರೇ. ಮೂಲದವರು ಸುಮ್ನೆ ಬಿಟ್ಟಿರೋ ಕಡೆ ನಾವು ಮಾತು ತುಂಬಿದ್ರೆ ಚಾನೆಲ್‌ನವರು ಸುಮ್ನಿರ್ತಾರಾ? ಅಣ್ಣ ಅಂತಲೇ ಇರ್ಲಿ. ಈಗ ಅವನೇ ಮುದುಕ, ನೋಡೋಕೂ ಸರಿಹೋಗುತ್ತೆ."

"ಅಲ್ಲಿ ತುಟಿ ಕೂಡುತ್ತಪ್ಪ. ಅಣ್ಣ ಅಂದ್ರೆ ಕೂಡಲ್ಲ."

"ಒಂದು ತುಟಿ ಯಾರು ನೋಡ್ತಾರೆ? ಹುಡುಗನ್ನ ತೋರಿಸಿದ್ದಾರಲ್ಲ, ಕಣ್ಣಿದ್ದವರು ತಿಳ್ಕೋತಾರೆ."

"ಕಣ್ಣಿಲ್ಲದವರು?"

"ಕಣ್ಣಿಲ್ಲದವರು ಟಿವಿ ಮುಂದೆ ಯಾಕೆ ಕೂರ್ತಾರೆ?"

ಅವನಿಗೆ ಅಕ್ಕನ ವಿಚಾರ ಗೊತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿದು ಬಾಯಿ ತೆರೆಯುವುದರೊಳಗೆ ಮೇಷ್ಟ್ರು ಕಣ್ಣಲ್ಲೇ ತಡೆದರು. ಯಜಮಾನ ಹೋದ ಮೇಲೆ, "ರೆಕಾರ್ಡಿಂಗ್ ದಿನ ನಾನು ಇರ್ತೀನಲ್ಲ, ನೋಡ್ಕೊಳ್ಳೋಣ" ಎಂದರು.

ಅವರು ಇರಲಿಲ್ಲ. ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅಕ್ಕ ಎರಡು ಸಲ ಕರೆದು, ತಡವರಿಸಿಕೊಂಡು ಹೋಗಿ ಮುಟ್ಟಿ ನೋಡಿದರಂತೆ. ನಾನು ಹೋದಾಗ ಅಕ್ಕ ಅಳುತ್ತಿರಲಿಲ್ಲ. ತಮ್ಮನ ಕನ್ನಡಕವನ್ನು ಸೀರೆಯ ಸೆರಗಿನಿಂದ ಒರೆಸುತ್ತ ಕೂತಿದ್ದರು. "ನನಗಿಂತ ಮುಂದೆ ಹೋಗೋ ವಯಸ್ಸೇನಮ್ಮ ಅವನದು?" ಎಂದು ಕೇಳಿದರು. ಅಂಥ ದುಃಖ ನನಗೆ ನನ್ನ ತಂದೆ ಹೋದಾಗಲೂ ಆಗಿರಲಿಲ್ಲ.

ರೆಕಾರ್ಡಿಂಗ್ ದಿನ ಬಂತು. ಯಜಮಾನ ಮೇಷ್ಟ್ರ ಜಾಗದಲ್ಲಿ, ಗಾಜಿನ ಆಚೆ ಕೂತಿದ್ದ. ನನ್ನ ಮುಂದಿನ ಹಾಳೆಯಲ್ಲಿ ಬೆನ್ನಿನ ಜಾಗ ಖಾಲಿ, ಆಮೇಲೆ "ಅಣ್ಣ". ಒಂದು ಕ್ಷಣ ಜಗಳವಾಡೋಣ ಅನ್ನಿಸಿತು. ಜಗಳವಾಡಿದರೆ ಬೇರೆಯವಳನ್ನು ಕರೆಸಿಯಾನು. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಹೆಡ್‌ಫೋನ್ ಹಾಕಿಕೊಂಡೆ. ಹುಡುಗ ಬಾಗಿಲಲ್ಲಿ ಬಂದು ನಿಂತ, ಹೋದ. ಮುದುಕ ಬಂದ. ಅವಳು ಬೆನ್ನು ತಿರುಗಿಸಿದಳು. ಮೇಜಿನ ಮೇಲೆ ಬಿದ್ದ ಬೆರಳಿನ ತಾಳ ನನ್ನ ಕಿವಿಯಲ್ಲಿತ್ತು. ಮೇಷ್ಟ್ರು ಕಟ್ಟಿದ್ದನ್ನು ಕಟ್ಟಿದ ಹಾಗೆಯೇ ಹೇಳಿದೆ.

"ಅಣ್ಣ ಅಂತ ಕರೆದ್ರೇನೇ ಊಟಕ್ಕೆ ಬಾಯಿ ತೆರೀತಿದ್ದೆ. ನೆನಪಿದ್ಯೇನೋ? ಅದಕ್ಕೇ ಕರೆದೆ, ಇಷ್ಟು ದಿನಾನೂ ಕರೆದೆ. ಈಗ ನಿಜವಾಗ್ಲೂ ದೊಡ್ಡವನಾಗ್ಬಿಟ್ಟೆ."

ಅವಳು ಮುಖ ತಿರುಗಿಸಿದಳು. ತುಟಿ ಕೂಡಿತು.

"ತಮ್ಮ."

ಚಿತ್ರ ನಿಂತಿತು. ಗಾಜಿನ ಆಚೆ ಯಜಮಾನ ಹಾಳೆ ಎತ್ತಿ ನೋಡಿದ. ಈಗ ಬಯ್ಯುತ್ತಾನೆಂದು ಕಾದೆ, ನನ್ನ ಬತ್ತಳಿಕೆಯಲ್ಲೂ ಬೇಕಾದಷ್ಟಿತ್ತು. "ಮೇಷ್ಟ್ರ ಅಕ್ಕನಿಗೆ ಕಣ್ಣು ಕಾಣಲ್ಲ. ಅವರು ಇದನ್ನ ಕೇಳ್ತಾರೆ, ನೋಡಲ್ಲ" ಎಂದೆ. ಅವನು ತಲೆ ತಗ್ಗಿಸಿ ಗುಂಡಿಗಳನ್ನೇ ನೋಡುತ್ತ ಕೂತ. ಆಮೇಲೆ ಅವನ ದನಿ ಹೆಡ್‌ಫೋನಿಗೆ ಬಂತು. "ಕೊನೇಲಿ ಉಸಿರು ಜಾಸ್ತಿ ಆಯ್ತು. ಹಾಗೇ ಇನ್ನೊಂದು ಸಲ ಹೇಳಮ್ಮ."

ಚಾನೆಲ್‌ನವರಿಗೆ ಏನು ಹೇಳಿ ಒಪ್ಪಿಸಿದನೋ, ನಾನು ಕೇಳಲಿಲ್ಲ. ಅವನನ್ನು ಬಯ್ಯುವುದನ್ನೂ ಆವತ್ತಿಗೆ ಬಿಟ್ಟೆ.

ಕೊನೆಯ ಕಂತು ಬಂದ ಸಂಜೆ ಅಕ್ಕನ ಮನೆಗೆ ಹೋದೆ. ಕುರ್ಚಿ ಟಿವಿಯ ಹತ್ತಿರವೇ ಇತ್ತು. ಮೇಷ್ಟ್ರ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ನಾನು ನೆಲದ ಮೇಲೆ ಕೂತೆ. ಮೊದಲಿಗೆ "ಇಲ್ಲಿಯವರೆಗೆ" ಎಂದು ಹಿಂದಿನದೆಲ್ಲ ತುಣುಕು ತುಣುಕಾಗಿ ಬಂತು. ಅಡುಗೆಯವನ ಜಗಳ ಬಂತು, ಆ ಹಳೆಯ ಸುಳ್ಳು ಬಂತು, "ಬಾಗಿಲು ಹಾಕ್ಕೊಂಡ್ಯಾ ಅಣ್ಣ" ಎಂಬ ನನ್ನದೇ ಮಾತು ಬಂತು. ಅದೆಲ್ಲದರಲ್ಲೂ ಮೇಷ್ಟ್ರಿದ್ದರು. ಇಷ್ಟು ವರ್ಷ ಒಂದೇ ಕಥೆಯ ಜೊತೆ ಇದ್ದರೆ ನಮ್ಮವರೂ ಅದರೊಳಗೆ ಸೇರಿಕೊಂಡುಬಿಡುತ್ತಾರೆ, ಅದು ನನಗೆ ಆವತ್ತು ತಿಳಿಯಿತು.

ಹುಡುಗನ ದೃಶ್ಯದಲ್ಲಿ ಬರೀ ಗಾಳಿಯ ಸದ್ದು. ಅಕ್ಕ, "ಈಗ ಏನು ತೋರಿಸ್ತಿದ್ದಾರೆ?" ಎಂದರು. "ತಡೀರಿ ಅಕ್ಕ" ಎಂದೆ.

ಮಾತು ಬಂತು. ಅಕ್ಕನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. "ತಮ್ಮ" ಎಂದು ಬಂದ ಮೇಲೂ ಹಿಡಿ ಸಡಿಲವಾಗಲಿಲ್ಲ. ಹೆಸರುಗಳೆಲ್ಲ ಓಡಿ ಮುಗಿದ ಮೇಲೆ ಟಿವಿ ಆರಿಸಿದೆ.

"ಅದು ಮೂಲದಲ್ಲಿ ಇತ್ತೇನಮ್ಮ? ಊಟದ ಮಾತು?"

"ಇಲ್ಲ ಅಕ್ಕ. ಮೇಷ್ಟ್ರು ಸೇರಿಸಿದ್ದು."

"ಮೂರು ವರ್ಷ ಇರ್ಬೇಕು ಅವನಿಗೆ. ಅಣ್ಣ ಅನ್ನು ಅಂತ ಹಠ. ಅಣ್ಣಾ ಬಾಯಿ ತೆಗಿ, ಅಣ್ಣಾ ಒಂದು ತುತ್ತು, ಅಂತ ಹಿಂದೆ ಹಿಂದೆ ಓಡ್ತಿದ್ದೆ. ನಾನೇ ಮರ್ತುಬಿಟ್ಟಿದ್ದೆ." ನನ್ನ ಕಡೆ ತಿರುಗಿ, "ನಾನು ಗೆದ್ದೆ ಅಂತ ಅವನಿಗೆ ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು ಅಕ್ಕ. ಮೊದಲು ನಕ್ಕಿದ್ದೇ ಅವರು."

ಅವರು ತಲೆ ಆಡಿಸಿದರು. ಆಗ ಅತ್ತರು, ಸದ್ದಿಲ್ಲದೆ. ನಾನೂ ಅತ್ತೆ. ನನ್ನದು ಸದ್ದಿಲ್ಲದ ಅಳು ಅಲ್ಲ.

ಕತ್ತಲಾಗುತ್ತಿತ್ತು. ಹೊರಡಲು ಎದ್ದು, ಚಪ್ಪಲಿ ಮೆಟ್ಟಿ ಬಾಗಿಲು ತೆರೆದೆ. ಕೀಲು ಕಿರ್ ಎಂದಿತು. ಒಳಗಿನಿಂದ, ಎಂದಿನ ದನಿಯಲ್ಲಿ, ಅಕ್ಕನ ಮಾತು ಬಂತು.

"ಬಾಗಿಲು ಹಾಕ್ಕೊಂಡ್ಯಾ?"

ಕೇಳಿದ ಮೇಲೆ ಅವರಿಗೇ ಅರಿವಾಗಿರಬೇಕು. ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ. ಆಮೇಲೆ ಬಾಗಿಲನ್ನು ಒಳಗಿನಿಂದ ಎಳೆದು ಚಿಲಕ ಹಾಕಿದೆ.

"ಹಾಕ್ಕೊಂಡೆ ಕಣಕ್ಕಾ" ಎಂದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೇಷ್ಟ್ರ ಕುರ್ಚಿಯಲ್ಲಿ ಕೂತೆ.