ಮೂರು ಹತ್ತರ ಕಿಕ್ಕೇರಿ ಬಸ್ಸು

ಕಳೆದ ತಿಂಗಳು ನಾಗಮಂಗಲದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕರೊಬ್ಬರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೆ.ಆರ್. ಪೇಟೆಯ ಟೈಮ್ ಕೀಪರ್ ಎದುರಿಗೆ ಬಂದು ಕೂತಂತಾಯಿತು...

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಮೈಸೂರಿನಲ್ಲಿ ಆಪರೇಷನ್ಸ್ ರಿಸರ್ಚ್ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಜನ ಸಾಲಿನಲ್ಲಿ ಕಾಯುವುದಕ್ಕೂ ಒಂದು ಗಣಿತವಿದೆ ಎಂದರೆ ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. "ಬಸ್ಸು ಎಣ್ಸೋಕೂ ಕಾಲೇಜಾ?" ಎಂದು ಅಪ್ಪ ನಕ್ಕಿದ್ದರು. ಪ್ರಾಜೆಕ್ಟಿಗೆಂದು ಕೆ.ಆರ್. ಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದು, ಖಾಸಗಿ ಬಸ್ಸುಗಳು ಬಂದುಹೋಗುವ ಹೊತ್ತನ್ನು ಇಪ್ಪತ್ತು ದಿನ ಬರೆದುಕೊಳ್ಳಬೇಕಿತ್ತು. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಶ್ಯ ಏರಿಸುತ್ತಾ ಬಸ್ಸುಗಳ ವೇಳೆ ಬರೆಯುತ್ತಿದ್ದ ಟೈಮ್ ಕೀಪರ್ ತಮ್ಮ ಮೇಜಿನ ಪಕ್ಕ ನನಗೂ ಒಂದು ಸ್ಟೂಲು ಹಾಕಿಸಿಕೊಟ್ಟರು. ನನ್ನ ಓದಿನ ಬಗ್ಗೆ ನಗದೆ ಕೇಳಿದವರು ಅವರೊಬ್ಬರೇ.

ನಾಲ್ಕನೇ ದಿನ ಅವರ ಪುಸ್ತಕವನ್ನೂ ನನ್ನದನ್ನೂ ತಾಳೆ ನೋಡಿದೆ. ಅವರದರಲ್ಲಿ ದಿನವೂ ಒಂದು ಬಸ್ಸು ಹೆಚ್ಚಿತ್ತು. ಕಿಕ್ಕೇರಿಯಿಂದ, ಮಧ್ಯಾಹ್ನ ಮೂರು ಹತ್ತಕ್ಕೆ. ಬಂದ ಹೊತ್ತು ಬರೆದಿತ್ತು. ಹೋದ ಹೊತ್ತು ಇರಲಿಲ್ಲ.

"ಇದ್ಯಾವ ಬಸ್ಸಣ್ಣ? ನಾನು ನೋಡ್ಲೇ ಇಲ್ವಲ್ಲ."

"ಕಿಕ್ಕೇರಿ ಬುಟ್ಟದ್ದು ಇಲ್ಗೆ ಬರ್ದೆ ಇನ್ನೆಲ್ಗೋದದು ಕಣವ್ವ?" ಎಂದರು.

ಮರುದಿನ ಆ ಹೊತ್ತಿಗೆ ನಾನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಏನೂ ಬರಲಿಲ್ಲ. ಆದರೆ ಅವರು ತಲೆಯೆತ್ತಿ, ಬಸ್ಸೊಂದು ಎದುರಿಗೆ ಹಾದು ನಿಂತಂತೆ ಮುಖವನ್ನು ಮೆಲ್ಲಗೆ ತಿರುಗಿಸಿ, ಬರೆದುಕೊಂಡರು. ರಸ್ತೆಯಂಚಿನಲ್ಲಿ ಮಲಗಿದ್ದ ನಾಯಿ ಎದ್ದು ಪಕ್ಕಕ್ಕೆ ಸರಿಯಿತು...

ಎದುರಿನ ಟೀ ಅಂಗಡಿಯ ಹೆಂಗಸು ಆಮೇಲೆ ನನ್ನನ್ನು ಕರೆದು ಹೇಳಿದಳು. "ಅವ್ರ ಮಗಳು ಬತ್ತಿದ್ದ ಬಸ್ಸು ಕಣವ್ವ ಅದು. ಎಲ್ಡು ವರ್ಸಾಯ್ತು, ಬಸ್ಸು ಕೆರೆಗೆ ಬಿದ್ದು ಅವ್ಳೂ ಹೋದ್ಲು. ನೀನೇನೂ ಕೇಳಕ್ಕೋಗ್ಬ್ಯಾಡ."

ನಾನು ನನ್ನ ಸ್ಟೂಲಿಗೆ ಮರಳಿದೆ.

ಕೊನೆಯ ದಿನ, ಉರಿಬಿಸಿಲು. ತಲೆ ತಗ್ಗಿಸಿ ಲೆಕ್ಕ ಕೂಡುತ್ತಿದ್ದೆ. ಬ್ರೇಕಿನ ಸದ್ದಾಯಿತು, ಹಾಳೆಯ ಮೇಲೆ ಧೂಳು ಬಿತ್ತು. ರೂಢಿಯಂತೆ ಗಡಿಯಾರ ನೋಡಿ ಕಿಕ್ಕೇರಿ, ಮೂರು ಹತ್ತು ಎಂದು ಬರೆದು ತಲೆಯೆತ್ತಿದೆ. ರಸ್ತೆ ಖಾಲಿ ಇತ್ತು. ಟೈಮ್ ಕೀಪರ್ ರಸ್ತೆಯ ಕಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಬರ್ಕಂಡ್ಯಾ?"

"ಹೂಂ."

ಆಮೇಲೆ ಕೇಳಿದರು. "ಇಳುದ್ಲಾ?"

"ಇಳುದ್ಲು ಕಣಣ್ಣ" ಎಂದುಬಿಟ್ಟೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು, ಜೊತೆಗೆ ಬರುವವರಿಗೆ ಜಾಗ ಬಿಟ್ಟವರಂತೆ ರಸ್ತೆಯ ಒಂದು ಮಗ್ಗುಲಿಗೆ ಸರಿದು ನಡೆಯುತ್ತಾ ಹೋದರು. ಮತ್ತೆ ಅವರು ಕೆಲಸಕ್ಕೆ ಬರಲೇ ಇಲ್ಲವೆಂದು ಚಿಕ್ಕಮ್ಮ ಕಾಗದ ಬರೆದಿದ್ದಳು. ನನ್ನ ಪ್ರಾಜೆಕ್ಟಿನಲ್ಲಿ ಆ ಮೂರು ಹತ್ತರ ಸಾಲು ನೋಡಿ, ಇದು ತಪ್ಪಾಗಿದೆ, ತೆಗೆದುಹಾಕು ಎಂದರು ಮೈಸೂರಿನ ನಮ್ಮ ಮೇಷ್ಟ್ರು. ತೆಗೆದೆ. ಡಿಗ್ರಿಯೂ ಬಂತು.

ಆ ನಶ್ಯದ ಘಾಟು ಮನಸ್ಸಿನಿಂದ ಹೋಗದೆ, ಮೊನ್ನೆ ಕೆ.ಆರ್. ಪೇಟೆಗೆ ಹೋಗಿ ವಿಚಾರಿಸಿದೆ. ಅವರನ್ನು ಬಲ್ಲವರು ಯಾರೂ ಸಿಗಲಿಲ್ಲ. ಇಷ್ಟು ವರ್ಷವಾದ ಮೇಲೆ ಅವರು ಬದುಕಿರಲಾರರು... ಅಂದು ಬಸ್ಸಿನ ಸದ್ದು ಕೇಳಿದ್ದು ನಿಜ, ಆಣೆಯಿಟ್ಟು ಹೇಳಬಲ್ಲೆ. ಯಾರಾದರೂ ಇಳಿದರೇ ಎಂಬುದನ್ನು ಮಾತ್ರ ನಾನು ನೋಡಿರಲಿಲ್ಲ.